ನೂರಕ್ಕೆ ನೂರಾ ಎರಡು

ಬಹಳ ಹಿಂದೆ, ಅಂದರೆ ಕಳೆದ ಚುನಾವಣೆಗಿಂತಲೂ ಸ್ವಲ್ಪ ಹಿಂದೆ, ಪ್ರಸನ್ನಾವತಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಸುಪ್ರಿಯವರ್ಮನು ಧರ್ಮದಿಂದಲೂ ಬಹುಮತದಿಂದಲೂ ಆಳುತ್ತಿದ್ದನು. ಅರಸನನ್ನು ಐದು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುವ ಕೆಟ್ಟ ಸಂಪ್ರದಾಯವೊಂದು ಅಲ್ಲಿ ಹೇಗೋ ಬೆಳೆದುಬಂದಿತ್ತು. ಪಕ್ಷಗಳು ಎರಡೇ. ಅರಸನದು ಕಿರೀಟ ಪಕ್ಷ, ಅರಸನ ಭಾವಮೈದುನನದು ಛತ್ರ ಪಕ್ಷ. ಕಿರೀಟವಾದರೂ ಛತ್ರವಾದರೂ ಇರುವುದು ಒಂದೇ ತಲೆಯ ಮೇಲಲ್ಲವೇ ಎಂದು ಪ್ರಜೆಗಳು ಸಮಾಧಾನ ಮಾಡಿಕೊಂಡಿದ್ದರು.

ಮಹಾರಾಜನಿಗೊಂದು ವ್ಯಾಧಿ. ಬೆಳಗ್ಗೆ ಮುಖ ತೊಳೆಯುವ ಮುಂಚೆಯೇ "ಜನ ನಮ್ಮ ವಿಷಯ ಏನೆನ್ನುತ್ತಾರೆ?" ಎಂದು ಕೇಳಬೇಕು. ಹಿಂದಿನ ಅರಸರು ಮಾರುವೇಷದಲ್ಲಿ ಊರು ಸುತ್ತಿ ತಿಳಿದುಕೊಳ್ಳುತ್ತಿದ್ದರು. ಇವನೂ ಒಮ್ಮೆ ಹಾಗೆ ಹೋಗಿ, ಜನ ಏನೆನ್ನುತ್ತಾರೆಂಬುದನ್ನು ಕಿವಿಯಾರೆ ಕೇಳಿ, ಮೂರು ದಿನ ಜ್ವರದಲ್ಲಿ ಮಲಗಿದ. ಎದ್ದವನೇ ಜನಾಭಿಪ್ರಾಯ ಇಲಾಖೆಯನ್ನು ಸ್ಥಾಪಿಸಿ, ಕೆಂಚವೀರಯ್ಯನನ್ನು ಅದರ ಅಧಿಕಾರಿಯಾಗಿ ನೇಮಿಸಿದ.

ಕೆಂಚವೀರಯ್ಯ ಅದಕ್ಕೆ ಮುಂಚೆ ಅರಮನೆಯ ಉಗ್ರಾಣದಲ್ಲಿ ಕಾಳು ಪರೀಕ್ಷಿಸುತ್ತಿದ್ದವನು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಎಳೆದು ನೋಡಿದರೆ ಸಾಕು, ಗಾಡಿಯಷ್ಟೂ ಮಾಲಿನ ಜಾತಕ ಹೇಳುತ್ತಿದ್ದ. ಮೇಲೆ ಒಳ್ಳೆಯ ಕಾಳು ಹರಡಿ ಕೆಳಗೆ ಹುಳುಕು ತುಂಬುವ ವರ್ತಕರನ್ನು ಕಂಡಿದ್ದರಿಂದ ಮೇಲೊಂದು, ನಡುವೊಂದು, ತಳಕ್ಕೊಂದು ಚುಚ್ಚುವುದು ಅವನ ವ್ರತ. ಜನರಿಗೂ ಅದೇ ಕ್ರಮ ಹಿಡಿದ. ಕಣ್ಣು ಮುಚ್ಚಿ ಚೀಟಿ ಎತ್ತಿ ರಾಜ್ಯದಿಂದ ನೂರು ಮನೆಗಳನ್ನು ಆರಿಸಿದ, ಮನೆಗೊಂದು ಅಭಿಪ್ರಾಯ. ಅಧಿಕಾರಿಯ ಸ್ವಂತ ಮನೆ ಮಾತ್ರ ಪಟ್ಟಿಯಲ್ಲಿ ಬರಕೂಡದೆಂದು ತಾನೇ ನಿಯಮ ಬರೆದುಕೊಂಡ. ಪ್ರಾಮಾಣಿಕನಿಗೆ ಬರುವ ಕಷ್ಟವೆಲ್ಲ ಅವನೇ ಬರೆದುಕೊಂಡದ್ದಲ್ಲವೇ!

ಮೊದಲ ಸಮೀಕ್ಷೆಯಲ್ಲಿ ಇಪ್ಪತ್ತೇಳು ಮಂದಿ ತೃಪ್ತರು, ಅರವತ್ತೊಂದು ಮಂದಿ ಅತೃಪ್ತರು. ಉಳಿದ ಹನ್ನೆರಡು ಮಂದಿ ಹಿಂದೆ ಮುಂದೆ ನೋಡಿ "ಹೇಳೋಕಾಗಲ್ಲ ಸ್ವಾಮಿ" ಎಂದು ಬಾಗಿಲು ಹಾಕಿಕೊಂಡಿದ್ದರು. ಅತೃಪ್ತರದೆಲ್ಲ ಒಂದೇ ದೂರು, ನೀರು. ಹಿರಿಕೆರೆಯಿಂದ ಪಟ್ಟಣಕ್ಕೂ ಹಳ್ಳಿಗಳಿಗೂ ಬರುವ ಕಾಲುವೆ ಕುಸಿದು ಎರಡು ವರ್ಷವಾಗಿತ್ತು.

ಚುನಾವಣೆಗೆ ಉಳಿದಿದ್ದುದು ಒಂದೇ ವರ್ಷ. ಅರಸನ ಮುಖ ಬಾಡಿತು. "ಕಾಲುವೆ ಕಟ್ಟಲು ಎಷ್ಟು ಕಾಲ ಬೇಕು?"

ಮಹಾಮಂತ್ರಿ ತಥಾಸ್ತುಕೀರ್ತಿ ಕೈಮುಗಿದ. "ಮೂರು ವರ್ಷ ಪ್ರಭೂ. ಆದರೆ ಕಾಲುವೆ ಯಾಕೆ? ಅತೃಪ್ತಿ ಕಂಡಿರುವುದು ಕೇಳಿದ ನೂರು ಮನೆಗಳಲ್ಲಿ ಮಾತ್ರ. ಆ ಮನೆಗಳ ವಿಳಾಸ ನಮ್ಮ ಫೈಲಿನಲ್ಲಿದೆ."

"ಮಿಕ್ಕವರು?"

"ಮಿಕ್ಕವರನ್ನು ಯಾರೂ ಕೇಳಿಯೇ ಇಲ್ಲವಲ್ಲ ಪ್ರಭೂ."

ಅರಸನು ಸಿಂಹಾಸನದಿಂದ ಇಳಿದು ಮಂತ್ರಿಯನ್ನು ಆಲಂಗಿಸಿದನು. ಒಂದೇ ತಿಂಗಳಲ್ಲಿ ಹಿರಿಕೆರೆಯಿಂದ ಕೊಳಾಯಿ ಎಳೆದು ನೂರು ಮನೆಗಳಿಗೆ ನೂರು ನಲ್ಲಿ ಹಾಕಿಸಿದರು. ಛತ್ರ ಪಕ್ಷದವರೂ ಕೈಕಟ್ಟಿ ಕೂರಲಿಲ್ಲ. ತಾವು ಅಧಿಕಾರಕ್ಕೆ ಬಂದರೆ ಅದೇ ನೂರು ಮನೆಗಳಿಗೆ ಬಿಸಿನೀರು ಕೊಡುವುದಾಗಿ ಪ್ರಣಾಳಿಕೆ ಹೊರಡಿಸಿದರು. ಪತ್ರಿಕೆಗಳು ಇದನ್ನು ತುರುಸಿನ ಸ್ಪರ್ಧೆ ಎಂದು ಬಣ್ಣಿಸಿದವು.

ಕೆಂಚವೀರಯ್ಯನ ಕೇರಿಯಲ್ಲಿ ಪಟ್ಟಿಗೆ ಬಿದ್ದಿದ್ದು ಹೂವಿನ ಸಿದ್ದಲಿಂಗಮ್ಮನ ಮನೆಯೊಂದೇ. ಕೊಳಾಯಿ ಅವನ ಹೊಸ್ತಿಲ ಮುಂದೆಯೇ ಹಾದು ಅವಳ ಮನೆಗೆ ಹೋಯಿತು. ಅವಳು ಪಾಪ ಒಳ್ಳೆಯವಳು, ನಾಲ್ಕು ಜನರಿಗೆ ಕೊಡ ತುಂಬಿಸಿಕೊಟ್ಟಳು. ಮರುದಿನವೇ ಮನೆ ಮುಂದೆ ಕಾವಲು ಬಿತ್ತು. ಪಟ್ಟಿಯಾಚೆಯವರು ಪಟ್ಟಿಯವರ ನೀರು ಕುಡಿದರೆ ಸ್ಯಾಂಪಲ್ ಕೆಡುತ್ತದೆಂದು ಆಜ್ಞೆಯಾಯಿತು.

ಕೆಂಚವೀರಯ್ಯನ ಹೆಂಡತಿ ದೇವೀರಮ್ಮ ಅರ್ಧ ಹರದಾರಿ ಆಚೆಯ ಒರತೆಯಿಂದ ದಿನಕ್ಕೆ ನಾಲ್ಕು ಕೊಡ ಹೊರುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ಕೊಡ ಇಳಿಸಿದರೆ ನೆಟ್ಟಗೆ ನಿಲ್ಲಲಾಗದೆ ಗೋಡೆ ಹಿಡಿಯುತ್ತಿದ್ದಳು.

"ಊರೋರ ಬಾಗ್ಲೆಲ್ಲ ತಟ್ಟಿ ಏನ್ ಕಷ್ಟ ಅಂತ ಕೇಳ್ತೀರಿ. ಕಟ್ಕೊಂಡೋಳ್ನ ಒಂದಿನ ಕೇಳಿದ್ದೀರಾ?" ಎಂದಳು.

"ಅಧಿಕಾರಿ ಮನೇರನ್ನ ಕೇಳೋ ಹಾಗಿಲ್ಲ ಕಣೇ. ರೂಲ್ಸು."

"ನಿಮ್ಮ ರೂಲ್ಸಿಗೆ ಸೊಂಟ ಇಲ್ಲ ಬಿಡಿ."

ಎರಡನೆಯ ಸಮೀಕ್ಷೆಯಲ್ಲಿ ತೊಂಬತ್ತೊಂಬತ್ತು ಮಂದಿ ತೃಪ್ತರಾದರು. ನೂರನೆಯವನು ತೀರಿಕೊಂಡಿದ್ದ, ಅವನ ಪರವಾಗಿ ಮಹಾಮಂತ್ರಿಯೇ ತೃಪ್ತಿ ವ್ಯಕ್ತಪಡಿಸಿದ. ಆಸ್ಥಾನದಲ್ಲಿ ನಗಾರಿ ಬಾರಿಸಿದರು. ಕೆಂಚವೀರಯ್ಯ ಮಾತ್ರ ವರದಿಯನ್ನು ಮಡಚಿಟ್ಟು ಅರಸನೆದುರು ಹೋಗಿ ನಿಂತ. ಹಿಡಿ ಕಾಳನ್ನು ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಟ್ಟರೆ ಚೀಲದ ಹುಳು ಸಾಯುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

"ಮಹಾಸ್ವಾಮಿ, ಹಳೇ ಪಟ್ಟಿ ಬಿಟ್ಟು ಹೊಸದಾಗಿ ಚೀಟಿ ಎತ್ತಬೇಕು. ಈ ನೂರು ಜನ ಈಗ ಜನರ ಹಾಗಿಲ್ಲ" ಎಂದ.

ಅರಸನು ನೊಂದು ನುಡಿದನು. "ತೃಪ್ತ ಪ್ರಜೆಗಳು ಕಣ್ಣೆದುರಿಗಿರುವಾಗ ಅತೃಪ್ತರನ್ನು ಹುಡುಕಿಕೊಂಡು ಹೋಗುವುದು ದೇಶದ್ರೋಹವಲ್ಲವೇನಯ್ಯಾ?"

ಮಂತ್ರಿ ಕೆಂಚವೀರಯ್ಯನ ಹೆಗಲ ಮೇಲೆ ಕೈಹಾಕಿ ಕಂಬದ ಮರೆಗೆ ಕರೆದೊಯ್ದ. "ಕೆಂಚವೀರಯ್ಯನವರೇ, ಪಟ್ಟಿಯಲ್ಲೊಂದು ಜಾಗ ಖಾಲಿ ಬಿದ್ದಿದೆ. ಮನೆಯವರಿಗೆ ಸೊಂಟನೋವಂತೆ. ಕೊಳಾಯಿ ಹೇಗೂ ನಿಮ್ಮ ಬಾಗಿಲಲ್ಲೇ ಹೋಗಿದೆ. ಒಂದು ಮೊಳ ತಿರುಗಿಸಿದರಾಯಿತು."

ಕೆಂಚವೀರಯ್ಯ ಆ ದಿನವೆಲ್ಲ ಒದ್ದಾಡಿದ. ಸಂಜೆ ಮನೆಗೆ ಬಂದಾಗ ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ಮರುದಿನ ತನ್ನ ನಿಯಮವನ್ನು ತಾನೇ ಹೊಡೆದುಹಾಕಿ ಅವಳ ಹೆಸರು ಬರೆದ. ಅವನನ್ನು ಬೈಯುವವರು ಮೊದಲು ನಾಲ್ಕು ಕೊಡ ಹೊತ್ತು ಬರಲಿ. ವಾರದೊಳಗೆ ನಲ್ಲಿ ಬಂತು, ಕೇರಿಯವರು ಅವನ ಮನೆಯವರೊಡನೆ ಮಾತು ಬಿಟ್ಟರು.

ಚುನಾವಣೆ ಹತ್ತಿರವಾಯಿತು. ಮಹಾಮಂತ್ರಿ ಸಭೆಯಲ್ಲಿ ಎದ್ದುನಿಂತ. "ಪ್ರಭೂ, ನೂರು ಜನರ ಬಾಯಿಂದ ಇಡೀ ರಾಜ್ಯದ ಮನಸ್ಸು ತಿಳಿಯುತ್ತದೆಂದು ಶಾಸ್ತ್ರವೇ ಹೇಳುತ್ತದೆ. ಅಂದಮೇಲೆ ಲಕ್ಷಾಂತರ ಬಡಪಾಯಿಗಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸುವುದು ಕ್ರೌರ್ಯ. ಆ ನೂರು ಜನರೇ ಓಟು ಹಾಕಲಿ." ಪ್ರಜಾವತ್ಸಲನಾದ ಅರಸನು ಕಣ್ಣೊರೆಸಿಕೊಂಡು ಒಪ್ಪಿದನು. ಛತ್ರ ಪಕ್ಷದವರು ಪ್ರಚಾರಕ್ಕೆ ಅಲೆಯುವುದು ತಪ್ಪಿತೆಂದು ಸ್ವಾಗತಿಸಿದರು. ಗುಪ್ತ ಮತದಾನವೂ ರದ್ದಾಯಿತು. ಭಿನ್ನಾಭಿಪ್ರಾಯವೇ ಇಲ್ಲದ ರಾಜ್ಯದಲ್ಲಿ ಗುಟ್ಟೇಕೆ?

ಮತದಾನದ ದಿನ ನೂರು ಜನರನ್ನು ಪಲ್ಲಕ್ಕಿಯಲ್ಲಿ ಅರಮನೆಗೆ ತಂದರು. ಒಬ್ಬೊಬ್ಬರೇ ಎದ್ದು "ಕಿರೀಟ" ಎಂದರು. ಬರೆದುಕೊಳ್ಳಲು ಕೆಂಚವೀರಯ್ಯನೇ ಕೂತಿದ್ದ. ಕೊನೆಗೆ ದೇವೀರಮ್ಮನ ಸರದಿ ಬಂತು. ಹೊಸ ನೀರಿನ ಪುಣ್ಯದಿಂದ ಅವಳು ನೆಟ್ಟಗೆ ನಿಂತಳು.

"ನನ್ ಓಟು ಯಾರಿಗೂ ಇಲ್ಲ" ಎಂದಳು. "ನಮ್ಮನೆ ನಲ್ಲೀಲಿ ನೀರು ಬರ್ತದೆ ಬುದ್ಧಿ, ಇಲ್ಲ ಅನ್ನಲ್ಲ. ಆದ್ರೆ ಎದುರು ಮನೆ ಬಸುರಿ ಹೆಂಗ್ಸು ಒರತೆಗೆ ಹೋಗಿ ಜಾರಿಬಿದ್ಲು. ನಾನು ಕದ ಹಾಕ್ಕಂಡು ನೀರು ಹಿಡೀತಿದ್ದೆ. ನನ್ನ ಕೇಳಿದ್ದಕ್ಕೆ ಹೇಳ್ತಾ ಇದೀನಿ, ಊರಲ್ಲಿ ನೀರಿಲ್ಲ."

ಕೆಂಚವೀರಯ್ಯ ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಭಯಕ್ಕಿಂತ ಹೆಚ್ಚಾಗಿ ಅವನಿಗೆ ಹೆಮ್ಮೆಯಾಗಿತ್ತು.

ಮಂತ್ರಿ ನಗುತ್ತ ಸಮೀಕ್ಷೆಯ ವರದಿಯ ಕೊನೆಯ ಹಾಳೆ ತಿರುವಿದ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು, ಕೆಂಚವೀರಯ್ಯ ಪ್ರತಿ ವರದಿಯಲ್ಲೂ ಪ್ರಾಮಾಣಿಕತೆಗಾಗಿ ಬರೆಯುತ್ತಿದ್ದ ಸಾಲು. "ಓದಿ, ಅಧಿಕಾರಿಗಳೇ. ಗಟ್ಟಿಯಾಗಿ."

ಕೆಂಚವೀರಯ್ಯ ಓದಿದ. "ಈ ಲೆಕ್ಕದಲ್ಲಿ ನೂರಕ್ಕೆ ಮೂರರಷ್ಟು ದೋಷ ಆಚೆಗಾಗಲಿ ಈಚೆಗಾಗಲಿ ಇರಬಹುದು."

"ಹಾಗಾದರೆ ಈ ಒಂದು ಓಟು ಏನು?"

ಅವನು ಹೆಂಡತಿಯನ್ನು ನೋಡಿದ. ಕಾವಲಿನವರು ಆಗಲೇ ಅವಳ ಪಕ್ಕಕ್ಕೆ ಬಂದು ನಿಂತಿದ್ದರು.

"ಹೇಳಿ. ದೋಷವೋ, ರಾಜದ್ರೋಹವೋ?"

"ದೋಷ" ಎಂದ ಕೆಂಚವೀರಯ್ಯ.

ಕಾವಲಿನವರು ಹಿಂದೆ ಸರಿದರು. ದೋಷವು ಆಚೆಗೂ, ಅಂದರೆ ಹೆಚ್ಚಿನ ಕಡೆಗೂ, ಇರಬಹುದೆಂದು ಶಾಸ್ತ್ರವಿದ್ದುದರಿಂದ ಉಳಿದ ತೊಂಬತ್ತೊಂಬತ್ತಕ್ಕೆ ಮೂರು ಕೂಡಿಸಿ, ಮಹಾರಾಜನು ನೂರಕ್ಕೆ ನೂರಾ ಎರಡು ಮತಗಳಿಂದ ಆರಿಸಿಬಂದನೆಂದು ಡಂಗುರ ಸಾರಿದರು. ಪ್ರಪಂಚದಲ್ಲಿ ಯಾವ ಅರಸನಿಗೂ ಇಂಥ ಬಹುಮತ ಬಂದಿರಲಿಲ್ಲ.

ಇಷ್ಟು ತೃಪ್ತಿಯಿರುವಲ್ಲಿ ಕಾಲುವೆ ದಂಡವೆಂದು, ಕುಸಿದ ಕಾಲುವೆಯ ಕಲ್ಲುಗಳನ್ನೆಲ್ಲ ಕಿತ್ತು ಅರಮನೆಯ ಮುಂದೆ ವಿಜಯಸ್ತಂಭ ಎಬ್ಬಿಸಲು ಅಪ್ಪಣೆಯಾಯಿತು. ಗಾರೆ ಕಲಸಲು ಪಟ್ಟಿಯಾಚೆಯ ಪ್ರತಿ ಮನೆಯೂ ದಿನಕ್ಕೆರಡು ಕೊಡ ನೀರು ತಂದೊಪ್ಪಿಸತಕ್ಕದ್ದು. ದೋಷವನ್ನು ಪಟ್ಟಿಯಿಂದ ತೆಗೆದುಹಾಕಿದ್ದರಿಂದ ದೇವೀರಮ್ಮನ ನಲ್ಲಿಯನ್ನೂ ಕಿತ್ತರು.

ಮಾರನೆಯ ದಿನ ಒರತೆಯ ದಾರಿಯಲ್ಲಿ ಕೇರಿಯ ಹೆಂಗಸರು ಅವಳನ್ನು ಮಾತಾಡಿಸಿದರು. ಹಿಂದೆ ಕೊಡ ಹೊತ್ತು ಬರುತ್ತಿದ್ದ ಕೆಂಚವೀರಯ್ಯನನ್ನು ಯಾರೂ ಮಾತಾಡಿಸಲಿಲ್ಲ.

"ನಿನ್ನ ಜೀವ ಉಳಿಸೋಕೆ ಹಂಗಂದೆ ಕಣೇ" ಎಂದ ಅವನು.

"ಗೊತ್ತು" ಎಂದಳು ದೇವೀರಮ್ಮ. "ಆದ್ರೂ ನಾನು ಹೇಳಿದ್ದು ನಿಜ ಅಂತ ನಿಮಗೂ ಗೊತ್ತಿತ್ತು."

ಸ್ತಂಭದ ಬಳಿ ಸಾಲು ಬಹಳ ಉದ್ದವಿತ್ತು. ಸರದಿ ಬಂದಾಗ ಇಬ್ಬರೂ ತಮ್ಮ ಕೊಡಗಳನ್ನು ಸುಣ್ಣದ ಗುಂಡಿಗೆ ಸುರಿದರು.