ಗೇರ್‌ಬಾಕ್ಸ್ ಹಿಂದಿನ ಸೀಲು

ಭಾರ್ಗವ್ ಅವರ ಕಾರು ಮೂರನೇ ಸಲ ಜೋಗುಪಾಳ್ಯದ ಗ್ಯಾರೇಜಿಗೆ ಬಂದಾಗ, ಇಂದಿರಾನಗರದ ಅವರ ಮನೆಯಿಂದ ಅಲ್ಲಿಯವರೆಗೂ ರಸ್ತೆಯ ಮೇಲೆ ಎಂಜಿನ್ ಆಯಿಲ್ ಹನಿಗಳು ಬಿದ್ದಿದ್ದವು. ರಂಗೋಲಿ ಹಾಕಲು ಹೊರಟವರು ಚುಕ್ಕಿ ಇಡುತ್ತಾ ಇಡುತ್ತಾ ಮನೆಯನ್ನೇ ಮರೆತು ಬಂದ ಹಾಗಿತ್ತು.

ಹಿಂದಿನ ಎರಡು ಸಲ ಗ್ಯಾರೇಜಿನ ಓನರ್ ಅಂಜನಮೂರ್ತಿಯೇ ಆ ಲೀಕಿಗೆ ಕೈ ಹಾಕಿದ್ದ. ಮೊದಲ ಸಲ ಎಂಜಿನ್ನಿಗೆ ಹೊರಗಿನಿಂದ ಪೇಸ್ಟ್ ಬಳಿದ. ಎರಡನೇ ಸಲ ಪೇಸ್ಟಿನ ಮೇಲೆ ಸೋಪು ತಿಕ್ಕಿ, ಬಂಪರಿಗೊಂದು ನಿಂಬೆಹಣ್ಣು ಕಟ್ಟಿದ. ಎಣ್ಣೆ ಎರಡಕ್ಕೂ ಮರ್ಯಾದೆ ಕೊಡಲಿಲ್ಲ.

"ಅವತ್ತೇ ಹೇಳ್ದೆ ಅಣ್ಣ," ಎಂದ ಗ್ಯಾರೇಜಿನ ಹುಡುಗ ಸೀನ, ಕಾರಿನಡಿಯಿಂದ ತಲೆ ಹೊರಗೆ ಹಾಕಿ. "ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ, ಒಳಗಡೆ. ಗೇರ್‌ಬಾಕ್ಸ್ ಇಳಿಸ್ದೆ ಕೈ ಹೋಗಲ್ಲ."

ಸೀಲು ಅಂದರೆ ಬಳೆಯಷ್ಟಿರುವ, ಒಂದು ಬದಿಗೆ ಸಣ್ಣ ಸ್ಪ್ರಿಂಗ್ ಸುತ್ತಿದ ರಬ್ಬರ್ ಉಂಗುರ. ಅದನ್ನು ಮುಟ್ಟಬೇಕಾದರೆ ಅರ್ಧ ಕಾರು ಬಿಚ್ಚಬೇಕು. ಅದನ್ನು ಅಲ್ಲಿ ಇಟ್ಟ ಎಂಜಿನಿಯರಿಗೆ, ಮುಂದೆ ಅದನ್ನು ಬದಲಾಯಿಸುವವನಿಗೂ ಒಂದು ಬೆನ್ನಿರುತ್ತದೆ ಎಂದು ಹೊಳೆದಿರಲಿಲ್ಲ. ಎ.ಸಿ. ರೂಮಿನಲ್ಲಿ ಕೂತವರಿಗೆ ಅದು ಹೊಳೆಯುವುದೂ ಇಲ್ಲ.

ಅಂಜನಮೂರ್ತಿ ಪಕ್ಕದ ಟೈಲರಿಂಗ್ ಅಂಗಡಿಯ ಜಹನಾರಾ ಆಪಾಗೂ ಕೇಳುವ ಹಾಗೆ ಘೋಷಿಸಿದ. "ಈ ಲೀಕು ಇವತ್ತು ನಿಂತ್ರೆ, ನಾಳೆಯಿಂದ ನಮ್ಮ ಗ್ಯಾರೇಜಿಗೊಬ್ಬ ಹೆಡ್ ಮೆಕ್ಯಾನಿಕ್. ಆಪಾ, ನೀವೇ ಸಾಕ್ಷಿ."

ಸೀನ ಕಾರಿನಡಿಯಿಂದ ಪೂರ್ತಿ ಹೊರಗೆ ಬಂದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒಂಬತ್ತು ವರ್ಷದಿಂದ ಆ ಗ್ಯಾರೇಜಿನ ಕೆಲಸವೆಲ್ಲ ಅವನದೇ. ಆದರೂ ಓನರ್ ಬಾಯಲ್ಲಿ ಅವನು ಹೆಲ್ಪರ್. ಭಾನುವಾರ, ಅವನು ಮೆಚ್ಚಿದ ರಶ್ಮಿಯ ಅಪ್ಪ ರಾಮಯ್ಯನವರು ಮದುವೆ ಮಾತಿಗೆ ಬರುವವರಿದ್ದರು. "ಹೆಲ್ಪರ್‌ಗೆಲ್ಲ ಹೆಣ್ಣು ಕೊಡಲ್ಲ" ಎಂದು ಮೊದಲೇ ಹೇಳಿ ಕಳಿಸಿದ್ದರು.

ಸೀನ ಶಿವಾಜಿನಗರಕ್ಕೆ ಓಡಿ ಸೀಲು ತಂದ. ಓನರನ್ನು ಚೆನ್ನಾಗಿ ಬಲ್ಲವನಾದ್ದರಿಂದ ಎರಡು ತಂದ.

ಭಾರ್ಗವ್ ಮನೆಗೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು, ಫೋನ್ ಹಿಡಿದು ಕಾರಿನ ಪಕ್ಕದಲ್ಲೇ ಕೂತರು. ಗೇರ್‌ಬಾಕ್ಸ್ ಇಳಿಯಿತು, ಕ್ಲಚ್ ಇಳಿಯಿತು, ಫ್ಲೈವೀಲ್ ಇಳಿಯಿತು. ಸೀನ ಹೊಸ ಸೀಲಿಗೆ ಎಣ್ಣೆ ಸವರಿ ಇನ್ನೇನು ಕೂರಿಸಬೇಕು, ಮೇಲಿನಿಂದ ಅಪ್ಪಣೆ ಬಂತು.

"ಒಂದ್ನಿಮಿಷ ಬಾಸ್. ಉಲ್ಟಾ ಹಾಕ್ತಿದ್ದೀಯ. ಈ ವಿಡಿಯೋದಲ್ಲಿ ಸ್ಪ್ರಿಂಗ್ ಇರೋ ಸೈಡು ಹೊರಗಡೆ ಇದೆ."

"ಸಾರ್, ಸ್ಪ್ರಿಂಗ್ ಇರೋದೇ ಎಣ್ಣೆ ತಡೆಯೋಕೆ. ಅದು ಎಣ್ಣೆ ಕಡೆ ಇರ್ಬೇಕು."

"ನಲವತ್ತು ಲಕ್ಷ ಜನ ನೋಡಿದ್ದಾರೆ ಇದನ್ನ."

"ನೋಡಿದ್ದಾರೆ ಸಾರ್. ಹಾಕಿಲ್ಲ."

ಅಂಜನಮೂರ್ತಿಗೆ ಮೈಯೆಲ್ಲ ಉರಿಯಿತು. "ಲೋ, ಅವರು ಬಿ.ಇ. ಓದಿದ್ದಾರೆ. ನೀನು ಏಳನೇ ಕ್ಲಾಸು. ಸಾರ್ ಹೇಳ್ದಂಗೆ ಹಾಕು, ಇಲ್ಲಾಂದ್ರೆ ಹೆಡ್ಡೂ ಇಲ್ಲ ಗಿಡ್ಡೂ ಇಲ್ಲ."

ಸೀನ ಹಲ್ಲು ಕಚ್ಚಿಕೊಂಡು ತಿರುಗಿಸಿ ಹಾಕಿದ. ಮಧ್ಯಾಹ್ನ ಎರಡಕ್ಕೆ ಕೊನೆಯ ಬೋಲ್ಟು ಬಿಗಿದು ಎಂಜಿನ್ ಸ್ಟಾರ್ಟ್ ಮಾಡಿದರೆ, ಇಷ್ಟು ದಿನ ಹನಿಯುತ್ತಿದ್ದ ಎಣ್ಣೆ ಅಭಿಷೇಕದ ಹಾಗೆ ಸುರಿಯಿತು. ಕೆಳಗೆ ಮಲಗಿದ್ದವನು ಸೀನ. ಅಭಿಷೇಕವೂ ಅವನಿಗೇ.

"ಟೈಟ್ ಸರಿಯಾಗಿ ಮಾಡಿಲ್ಲ ಅನ್ಸುತ್ತೆ," ಎಂದರು ಭಾರ್ಗವ್, ಶೂ ಹಿಂದಕ್ಕೆ ಎಳೆದುಕೊಂಡು.

ಗದ್ದಲ ಕೇಳಿ ಬಂದ ಜಹನಾರಾ ಆಪಾ ಅವರ ಫೋನಿಗೆ ಇಣುಕಿದರು. "ಅರೇ ಬೇಟಾ, ಇದು ವಾಷಿಂಗ್ ಮೆಷಿನ್ ಅಲ್ವಾ? ನಮ್ಮನೇಲೂ ಇದೇ ಕಂಪ್ನಿದು ಇದೆ."

ಭಾರ್ಗವ್ ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದರು. ವಾಷಿಂಗ್ ಮೆಷಿನ್ನೂ ದೊಡ್ಡದಾಯಿತು.

"ಪ್ರಿನ್ಸಿಪಲ್ ಒಂದೇ ಆಂಟಿ," ಎಂದರು.

"ನೋಡ್ದೇನೋ ಸೀನ," ಎಂದ ಅಂಜನಮೂರ್ತಿ. "ಎಷ್ಟು ಡೀಪಾಗಿ ಯೋಚ್ನೆ ಮಾಡ್ತಾರೆ."

ಸೀನ ಬಾಯಿಗೆ ಬಂದ ಬೈಗುಳವನ್ನು ಎಣ್ಣೆಯ ಜೊತೆಗೇ ನುಂಗಿದ. ಊಟ ಬಿಟ್ಟು, ಗೇರ್‌ಬಾಕ್ಸನ್ನು ಮತ್ತೆ ಎದೆಯ ಮೇಲೆ ಇಳಿಸಿಕೊಂಡ. ಕ್ಲಚ್ಚನ್ನು ಪೆಟ್ರೋಲಿನಲ್ಲಿ ತೊಳೆದ. ಎರಡನೇ ಸೀಲನ್ನು, ಈ ಸಲ ಯಾರನ್ನೂ ಕೇಳದೆ, ಸ್ಪ್ರಿಂಗ್ ಒಳಗೆ ಮಾಡಿ ಸುತ್ತಲೂ ಮೆಲ್ಲಗೆ ತಟ್ಟಿ ಕೂರಿಸಿದ. ಭಾರ್ಗವ್ ಟಾರ್ಚ್ ಹಿಡಿದು ಸಹಾಯ ಮಾಡಿದರು. ಬೆಳಕು ಒಂದೋ ಸೀನನ ಕಣ್ಣಿಗೆ ಬೀಳುತ್ತಿತ್ತು, ಇಲ್ಲವೇ ಅವರ ಮುಖಕ್ಕೇ ಬೀಳುತ್ತಿತ್ತು. ಏಕೆಂದರೆ ಇನ್ನೊಂದು ಕೈಯಲ್ಲಿ ಅವರು ತಮ್ಮದೇ ವಿಡಿಯೋ ತೆಗೆಯುತ್ತಿದ್ದರು.

ಸಂಜೆ ಆರಕ್ಕೆ ಎಂಜಿನ್ ಮತ್ತೆ ಸ್ಟಾರ್ಟ್ ಆಯಿತು. ಕಾರಿನಡಿಗೆ ನ್ಯೂಸ್ ಪೇಪರ್ ಹಾಸಿದರು. ನಾಲ್ವರೂ ಕುಕ್ಕರುಗಾಲಲ್ಲಿ ಕೂತು, ಓಟು ಎಣಿಸುವ ದಿನ ಟಿ.ವಿ. ನೋಡುವವರ ಹಾಗೆ ಪೇಪರ್ ನೋಡಿದರು. ಹತ್ತು ನಿಮಿಷ. ಅರ್ಧ ಗಂಟೆ. ಒಂದು ಗಂಟೆ. ಒಂದು ಹನಿಯೂ ಬೀಳಲಿಲ್ಲ.

"ನಿಂತೋಯ್ತು," ಎಂದರು ಜಹನಾರಾ ಆಪಾ. "ಮೂರ್ತಿ, ಈಗ ಮಾತು ಉಳಿಸ್ಕೋ."

ಸೀನ ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕೆದರಿದ ಕೂದಲನ್ನು ಅದೇ ಕೈಯಲ್ಲಿ ತೀಡಿ, ಎದ್ದು ನಿಂತ. ಭಾನುವಾರ ರಾಮಯ್ಯನವರ ಮುಂದೆ ಹೇಗೆ ಕೂರಬೇಕು ಎಂಬುದೂ ಅವನ ಕಣ್ಣ ಮುಂದೆ ಬಂದುಹೋಯಿತು.

"ಅಂಜನಮೂರ್ತಿ ಒಂದ್ಸಲ ಮಾತು ಕೊಟ್ರೆ ಮುಗೀತು," ಎಂದು ಓನರ್ ಗಂಟಲು ಸರಿ ಮಾಡಿಕೊಂಡು, ಭಾರ್ಗವ್ ಅವರ ಹೆಗಲ ಮೇಲೆ ಕೈ ಇಟ್ಟ. "ಸಾರು ಗರುಡಾಚಾರ್‌ಪಾಳ್ಯದ ಕಂಪ್ನಿ ಬಿಟ್ಟು ಎರಡು ತಿಂಗಳಾಯ್ತಂತೆ. ಆಗ ಟೀ ಕುಡಿಯೋವಾಗ ಹೇಳಿದ್ರು. ನಾನು ಅಲ್ಲೇ ಕೇಳ್ಬಿಟ್ಟೆ, ಅವರೂ ಒಪ್ಪಿದ್ರು. ಇನ್ಮೇಲೆ ನಮ್ಮ ಹೆಡ್ ಮೆಕ್ಯಾನಿಕ್ ಇವರೇ."

ಸೀನ ಕೈಯಲ್ಲಿದ್ದ ವೇಸ್ಟ್ ಬಟ್ಟೆಯನ್ನು ನೆಲಕ್ಕೆ ಹಾಕಿದ. "ಅಣ್ಣ, ಅವರಿಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ."

"ಹಿಡಿಯೋಕೆ ನೀನಿದ್ದೀಯಲ್ಲೋ."

ಭಾರ್ಗವ್ ಫೋನನ್ನು ಜೇಬಿಗೆ ಹಾಕಿಕೊಂಡು, ಗ್ಯಾರೇಜನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಒಮ್ಮೆ ನೋಡಿದರು.

"ನಾಳೆ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇಟ್ಕೊಳ್ಳೋಣ," ಎಂದರು. "ಸ್ಟಾಫ್ ಎಲ್ಲಾ ಬರ್ಬೇಕು."

ಸ್ಟಾಫ್ ಎಲ್ಲಾ ಅಂದರೆ ಸೀನ. ಅವನು ಬರುತ್ತೇನೆ ಎಂದು ತಲೆಯಾಡಿಸಿದ.