ಮೆತ್ತಗಾದ ಹೆರೆಮಣೆ

ಕೊಲ್ಲಿ ನಾಡಿನ ರುವೈಸಿನ ಕಂಪನಿಯೊಂದರಲ್ಲಿ ಉಕ್ಕಿನ ಗಡಸುತನ ಪರೀಕ್ಷಿಸುವ ಎಂಜಿನಿಯರ್ ನಾನು. ಅಂಥವನ ಮನೆಯಲ್ಲಿ ತೆಂಗಿನಕಾಯಿ ತುರಿಯುವ ಹೆರೆಮಣೆಯೇ ಮೊಂಡಾಗುವುದೆಂದರೆ ಇಡೀ ಉಕ್ಕಿನ ಕುಲಕ್ಕೆ ಅವಮಾನ!

ಅಂದು ಶುಕ್ರವಾರ. ನನ್ನ ನಾದಿನಿ ವನಿತಾಳನ್ನು ನೋಡಲು ಅಬುಧಾಬಿಯಿಂದ ಹುಡುಗನ ತಂದೆ ತಾಯಿ ಊಟಕ್ಕೆ ಬರುವವರಿದ್ದರು.

"ಕೋಳಿ ಸಾರಿಗೆ ಕಾಯಿ ಮಿಕ್ಸಿಯಲ್ಲೇ ತಿರುಗಿಸ್ತೇನೆ ಮಾರಾಯ್ರೆ," ಎಂದಳು ಹೆಂಡತಿ ಸುಮತಿ.

"ಛೇ! ಹೆರೆದ ಕಾಯಿಯ ರುಚಿಯೇ ಬೇರೆ. ನಾನಿಲ್ವಾ?"

ಮೊಂಡಾದ ಅಲಗಿನ ಬದಲಿಗೆಂದು, ವರ್ಕ್‌ಶಾಪಿನಿಂದ ತಂದ ತೆಳು ಉಕ್ಕಿನ ಪಟ್ಟಿಗೆ ಹಲ್ಲು ಕೊರೆದು ಇಟ್ಟಿದ್ದೆ. ಅದಕ್ಕೆ ಗಡಸುತನ ದಯಪಾಲಿಸುವುದೊಂದೇ ಬಾಕಿ. ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ಬಕೆಟ್ಟಿನ ನೀರಿಗೆ ಅದ್ದಿದೆ. ಚೊಂಯ್! ಮಣೆಗೆ ಕೂರಿಸಿ ಕಾಯಿ ಒತ್ತಿದೆ.

ಹಲ್ಲುಗಳು ವಿನಯದಿಂದ ತಲೆಬಾಗಿದವು.

ಆಗ ನೆನಪಾಯಿತು. ಇದು ಇಂಗಾಲ ಕಡಿಮೆಯಿರುವ ಉಕ್ಕು. ಕಾಯಿಸಿ ಅದ್ದಿದರೂ ಗಡಸಾಗುವುದು ಅಷ್ಟಕ್ಕಷ್ಟೇ. ಹಾಗೆಂದು ಸೋಲೊಪ್ಪುವುದುಂಟೇ? "ಕಾವು ಸಾಲಲಿಲ್ಲ," ಎಂದು ಘೋಷಿಸಿ, ಬೇಯುತ್ತಿದ್ದ ಕೋಳಿಯ ಪಾತ್ರೆ ಇಳಿಸಿ, ಪಟ್ಟಿಯನ್ನು ಮತ್ತೆ ಉರಿಗಿಟ್ಟೆ.

ಅದು ಮೆಲ್ಲಮೆಲ್ಲನೆ ಕೆಂಪಾಯಿತು. ಎಂಥ ಬಣ್ಣ! ಸಂಜೆ ಮರಳಿನ ಅಂಚಿನಲ್ಲಿ ಸೂರ್ಯ ಕರಗುವ ಬಣ್ಣ. ನೋಡುತ್ತ ನೋಡುತ್ತ ನಾನು ತೇಲಿಹೋದೆ. ಕರಾವಳಿಯ ಮನೆಮನೆಯಲ್ಲೂ ನನ್ನದೇ ಹೆರೆಮಣೆ. ಕಾಯಿತುರಿ ಮಲ್ಲಿಗೆಯಂತೆ ಉದುರುತ್ತಿದೆ. ಉದುರಿ ಉದುರಿ ಮರಳುಗಾಡೆಲ್ಲ ಬೆಳ್ಳಗಾಗಿದೆ. ಒಂಟೆಯೊಂದು ಅದನ್ನು ನೆಕ್ಕಿ, ನನ್ನತ್ತ ಮೆಚ್ಚುಗೆಯಿಂದ ನೋಡಿತು...

"ಎಂತ ನಗ್ತಾ ನಿಂತಿದ್ದೀರಿ? ಒಲೆ ಆರಿಹೋಗಿದೆ!"

ಸಿಲಿಂಡರ್ ಖಲಾಸ್! ಒಲೆಯ ಮೇಲೇ ನಿಧಾನವಾಗಿ ತಣಿದ ಪಟ್ಟಿ ಮೊದಲಿಗಿಂತಲೂ ಮೆತ್ತಗಾಗಿತ್ತು. ಕೋಳಿ ಅರ್ಧ ಬೆಂದಿತ್ತು. ಗ್ಯಾಸ್ ಅಂಗಡಿಯವರು ಜುಮ್ಮಾ ನಮಾಜಿಗೆ ಹೋಗಿದ್ದರು. ಅಷ್ಟರಲ್ಲಿ ಕರೆಗಂಟೆ!

ಸುಮತಿ ಹಿಂಬಾಗಿಲಿನಿಂದ ಪಕ್ಕದ ಮನೆಗೆ ಓಡಿದಳು. ಭಟ್ಕಳದ ಜುಬೈದಾ ಅಕ್ಕ ತಮ್ಮ ಬಿರಿಯಾನಿಯ ಪಾತ್ರೆಯನ್ನೇ ಎತ್ತಿಕೊಟ್ಟರು. ಮಾನ ಉಳಿಯಿತು ಎಂದುಕೊಂಡೆ.

ಊಟದ ನಡುವೆ ಹುಡುಗನ ತಂದೆ ಗಡಿಬಿಡಿಯಲ್ಲಿ ನಾನು ಮೇಜಿನ ಮೇಲೇ ಬಿಟ್ಟಿದ್ದ ಪಟ್ಟಿಯನ್ನೆತ್ತಿ, ಎರಡೇ ಬೆರಳಲ್ಲಿ ಬಳೆಯಂತೆ ಬಗ್ಗಿಸಿದರು. "ಇದು ಎಂತದು?"

"ಭಾವ ಮಾಡಿದ ಹೆರೆಮಣೆ!" ಎಂದ ವನಿತಾ ನಗು ತಡೆಯಲಾರದೆ ಮೇಜಿಗೇ ಒರಗಿದಳು. ಅವಳನ್ನು ನೋಡಿ ಹುಡುಗನ ತಾಯಿಗೂ ನಗು ಉಕ್ಕಿತು. ಕಣ್ಣೊರೆಸಿಕೊಂಡು, "ಇಂಥ ನಗುವ ಹುಡುಗಿಯೇ ನಮಗೆ ಬೇಕು," ಎಂದರು.

ಸಂಬಂಧ ಕುದುರಿತು! ಬಳಿಕ ಹುಡುಗನ ತಂದೆ ನನ್ನತ್ತ ತಿರುಗಿದರು. "ಅಂದ ಹಾಗೆ, ಕಂಪನಿಯಲ್ಲಿ ನಿಮಗೆ ಎಂತ ಕೆಲಸ?"

ನಾನು ಬಾಯಿ ತೆರೆಯುವ ಮೊದಲೇ ಸುಮತಿ ಹೇಳಿದಳು: "ಅಕೌಂಟ್ಸ್."

"ಹೌದು," ಎಂದೆ ನಾನು. "ಉಕ್ಕಿನ ವಿಷಯವೆಲ್ಲ ನಮಗೆಲ್ಲಿ ಗೊತ್ತಾಗ್ತದೆ!"