ಹಳೆಯ ಶಾಲು, ಮೂರನೆಯ ಬೀಳ್ಕೊಡುಗೆ

ನನಗೂ ಹಾಲೆಂಡಿನ ಒಬ್ಬ ಫುಟ್‌ಬಾಲ್ ಆಟಗಾರನಿಗೂ ಹತ್ತು ವರ್ಷದ ಸಂಬಂಧ. ಅವನಿಗಿದು ಗೊತ್ತಿಲ್ಲ, ಅಷ್ಟೆ. ಹೆಸರು ಹೇಳಲಾರೆ, ಹೇಳಲು ಹೊರಟರೆ ನಾಲಿಗೆ ಉಳುಕುತ್ತದೆ. ಅವನು ಡಿಫೆಂಡರ್. ಅಂದರೆ ಗೋಲು ಹೊಡೆಯುವವನಲ್ಲ, ಹೊಡೆಯಲು ಬಂದವರನ್ನು ತಡೆಯುವವನು. ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ, ತಡೆದವನಿಗೆ ಮೊಣಕಾಲು ನೋವು. ಶಿರಸಿಯ ಶಾಲೆಯೊಂದರ ಪಿ.ಟಿ. ಮಾಸ್ತರನಾದ ನಾನು ಮರುಳಾದದ್ದು ಅವನ ಆಟಕ್ಕಲ್ಲ, ಅಲೆದಾಟಕ್ಕೆ. ಅವನ ಸ್ವಂತ ಕ್ಲಬ್ಬು ಅವನನ್ನು ತಾನು ಆಡಿಸದೆ ಕಂಡಕಂಡವರಿಗೆ ಎರವಲು ಕೊಡುತ್ತಿತ್ತು. ನಮ್ಮ ಇಲಾಖೆಯಲ್ಲಿ ಇದಕ್ಕೆ ಡೆಪ್ಯುಟೇಶನ್ ಎನ್ನುತ್ತಾರೆ. ಅವನು ಬೆಲ್ಜಿಯಮ್ಮಿಗೆ ಹೋದ ವರ್ಷ ನನ್ನನ್ನು ಸಿದ್ದಾಪುರಕ್ಕೆ ಕಳಿಸಿದರು. ಅವನು ಟರ್ಕಿಗೆ, ನಾನು ಯಲ್ಲಾಪುರಕ್ಕೆ. ಆಮೇಲೆ ಅವನೂ ಬೆಲ್ಜಿಯಮ್ಮಿಗೇ ಮತ್ತೆ ಮತ್ತೆ, ನಾನೂ ಸಿದ್ದಾಪುರಕ್ಕೇ ಮತ್ತೆ ಮತ್ತೆ. ಬನವಾಸಿ ಕಡೆಯ ನನ್ನ ಹೆಂಡತಿ ಗಿರಿಜೆ ಒಮ್ಮೆ, "ಆ ಮನುಷ್ಯಾಗ ಒಂದ ಕಡೆ ಕುಂದರಾಕ ಬರೂದಿಲ್ಲೇನ್ರಿ?" ಎಂದಳು. ಯಾವ ಮನುಷ್ಯ ಎಂದು ಕೇಳುವ ಧೈರ್ಯವಾಗಲಿಲ್ಲ.

ಈ ಸಲ ಅವನು ನಿವೃತ್ತನಾದ. ಕೊನೆಯ ಆಟ ಆಡಿದ್ದು ಸ್ವಂತ ಕ್ಲಬ್ಬಿಗೇ. ಇಡೀ ಕ್ರೀಡಾಂಗಣ ಎದ್ದು ನಿಂತಿತು, ಅವನು ಅತ್ತ, ಮೊಬೈಲು ಹಿಡಿದು ನಾನೂ ಅತ್ತೆ. ಅದೇ ವಾರ ನನಗೂ ಸಿದ್ದಾಪುರ ಬಿಟ್ಟು ಶಿರಸಿಯ ಮೂಲ ಶಾಲೆಗೆ ಮರಳುವ ಆದೇಶ ಬಂತು. ಕುಣಿಯಬೇಕಾದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರಾದರೂ ಒಬ್ಬರು, ಬಾಯಿಮಾತಿಗಾದರೂ, 'ಹೋಗಬೇಡಿ' ಅನ್ನಬಾರದೇ? ನೆಪ ಹುಡುಕಿ ದಿನಕ್ಕೆ ನಾಲ್ಕು ಸಲ ಸಿದ್ದಾಪುರದ ಹೆಡ್ಮಾಸ್ತರರ ಕೋಣೆಗೆ ಹೋದೆ.

"ಕಾರ್ಯಕ್ರಮ ಇದ್ದೇ ಇದೆ ಮಾರಾಯ್ರೆ, ಎಂತಕ್ಕೆ ಬಾಗಿಲು ಸವೆಸ್ತೀರಿ?" ಎಂದರು ಅವರು. "ಒಂದು ಮಾತು, ಹಿಂದಿನ ಸಲದ ಶಾಲು ಇದ್ರೆ ತಂದ್ಬಿಡಿ. ಅದನ್ನೇ ಹೊದಿಸುವಾ."

ಮೈ ಉರಿದುಹೋಯಿತು. ಆ ಶಾಲೆ ನನ್ನನ್ನು ಈಗಾಗಲೇ ಎರಡು ಸಲ ಬೀಳ್ಕೊಟ್ಟಿದ್ದು ನಿಜ. ಮೊದಲ ಶಾಲು ಅತ್ತೆಯವರ ಪಾಲಾಗಿತ್ತು. ಎರಡನೆಯದನ್ನು ಗಿರಿಜೆ ಮಿಕ್ಸಿಗೆ ಹೊದಿಸಿದ್ದಳು. ಅದನ್ನೇ ಕೊಡವಿಕೊಂಡು ಹೋದೆ.

ಸಭೆಯಲ್ಲಿ ಹೆಗಲ ಮೇಲೆ ಬಿದ್ದ ಸನ್ಮಾನ ಬೆಳ್ಳುಳ್ಳಿ ಚಟ್ನಿಯ ವಾಸನೆ ಹೊಡೆಯುತ್ತಿತ್ತು. ಭಾಷಣವೂ ಹಳೆಯದೇ. ಚಪ್ಪಾಳೆ ಎಲ್ಲಿ ಬರಬೇಕೆಂದು ಗೊತ್ತಿದ್ದ ದೊಡ್ಡ ಮಕ್ಕಳು ಮಾತು ಮುಗಿಯುವ ಮೊದಲೇ ತಟ್ಟಿದರು. ಯಾರೂ ಅಳಲಿಲ್ಲ, ಎದ್ದು ನಿಲ್ಲಲಿಲ್ಲ. ಕೊನೆಗೆ ವಿಜ್ಞಾನದ ಸುಮಿತ್ರಾ ಮೇಡಂ ಎದ್ದಾಗ, ಬಂತು ಆ ಮಾತು ಎಂದು ಶಾಲು ಸರಿಮಾಡಿಕೊಂಡೆ.

"ಸರ್, ಬರುವಾಗ ಶಿರಸಿಯಿಂದ ಒಂದು ಪಂಪು ತನ್ನಿ. ವಾಲಿಬಾಲಿಗೆ ಗಾಳಿ ಹಾಕುಕೆ ಇಲ್ಲಿದ್ದದ್ದು ಹಾಳಾಗಿದೆ."

"ಮೇಡಂ, ನಾನು ಹೋಗ್ತಾ ಇದ್ದೇನೆ!"

"ಹೌದು ಸರ್. ಬರುವಾಗ ಅಂದೆ."

ಎಂಥ ಜನ! ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೂ ಕುದಿಯುತ್ತಲೇ ಇದ್ದೆ.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಸ್ವಂತ ಶಾಲೆಗೆ ಹೋದೆ. ನಾನಿಲ್ಲದಾಗ ಬಂದಿದ್ದ ಹೊಸ ಹೆಡ್ಮಾಸ್ತರರು ಕುರ್ಚಿ ಎಳೆದು ಕೊಟ್ಟು, ಬಹಳ ಆದರದಿಂದ ಕೇಳಿದರು: "ಬನ್ನಿ, ಬನ್ನಿ. ಯಾವ ಶಾಲೆಯಿಂದ ಡೆಪ್ಯುಟೇಶನ್ ಮೇಲೆ ಬಂದ್ರಿ?"

ಸಂಜೆ ಮನೆಯಲ್ಲಿ ಗಿರಿಜೆ ಶಾಲನ್ನು ಮಿಕ್ಸಿಯ ಕಡೆಗೆ ಒಯ್ಯುತ್ತಿದ್ದಳು. "ಬೇಡ, ಒಗೆದು ಮಡಿಸಿಡು" ಎಂದೆ. ನನ್ನ ಚೀಲ ಎತ್ತಿಡಲು ಹೋದವಳು ಒಳಗೆ ಕೈ ಹಾಕಿ, "ಇದೇನ್ರಿ ಇದು?" ಎಂದಳು.

ದಾರಿಯಲ್ಲಿ ಕೊಂಡು ತಂದಿದ್ದ ಪಂಪು.